ಎರಡನೇ ಸಾಲಿನಲ್ಲಿ ಕೂತವರು

ಕಾನೂನು ಕಾಲೇಜಿನ ಹಿಂಬದಿಯ ಮೆಟ್ಟಿಲ ಕೆಳಗೆ ಒಂದು ಉದ್ದನೆಯ ಕೋಣೆ. ಬಾಗಿಲ ಮೇಲೆ ‘ಉಚಿತ ಕ್ಲಿನಿಕ್’ ಎಂದು ಯಾರೋ ಪುಣ್ಯಾತ್ಮರು ಬರೆಸಿ ಹಾಕಿದ್ದಾರೆ. ಆ ಬೋರ್ಡು ನೋಡಿ ಕೆಮ್ಮುತ್ತ ಬಂದವರುಂಟು, ಮಗುವಿನ ಜ್ವರಕ್ಕೆ ಔಷಧಿ ಕೇಳಿದವರುಂಟು. ಒಬ್ಬ ಮುದುಕನಂತೂ ಅಂಗಿ ಬಿಚ್ಚಿ ಬೆನ್ನು ತೋರಿಸಿಕೊಂಡು ಕೂತೇಬಿಟ್ಟಿದ್ದ. ಇಲ್ಲಿ ನೋಡುವುದು ಮೈಯ ಕಾಯಿಲೆಯನ್ನಲ್ಲ, ಕಾಗದಪತ್ರದ ಕಾಯಿಲೆಯನ್ನು ಎಂದು ಅವರಿಗೆ ಬಿಡಿಸಿ ಹೇಳುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಬೇರೆ ದೇಶದಿಂದ ಜೀವ ಕೈಯಲ್ಲಿ ಹಿಡಿದುಕೊಂಡು ಓಡಿಬಂದವರು, ಇರುವ ಪರವಾನಗಿ ಮುಗಿದು ಕಂಗಾಲಾದವರು, ಇಂಥವರ ಪರವಾಗಿ ಕೊನೆಯ ವರ್ಷದ ವಿದ್ಯಾರ್ಥಿಗಳು ಇಲ್ಲಿ ಕೇಸು ನಡೆಸುತ್ತಿದ್ದರು. ಮಕ್ಕಳಿಗೆ ಅದು ಪಾಠ, ಬಂದವರಿಗೆ ಅದು ಬದುಕು. ಎರಡಕ್ಕೂ ಇದ್ದದ್ದು ಒಂದೇ ಮೇಜು.

ಆ ಕೋಣೆಯ ಯಜಮಾನತಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಬಾಯಿಬೀಗ ಮೇಡಂ. ಹಾಗಂತ ಅವರೇನೂ ಮಾತಾಡದ ಹೆಂಗಸಲ್ಲ. ತರಗತಿಯಲ್ಲಿ ಶುರುಮಾಡಿದರೆ ಗಂಟೆ ಹೊಡೆದದ್ದೂ ಅವರಿಗೆ ಕೇಳಿಸುತ್ತಿರಲಿಲ್ಲ. ಆದರೆ ವಿಚಾರಣೆಯ ದಿನ ನ್ಯಾಯಾಲಯದ ಬಾಗಿಲು ದಾಟಿದರೋ, ಮುಗಿಯಿತು, ತುಟಿಪಿಟಕ್ಕೆನ್ನುತ್ತಿರಲಿಲ್ಲ. ವಿದ್ಯಾರ್ಥಿ ಮುಂದಿನ ಮೇಜಿನಲ್ಲಿ ನಿಂತು ವಾದ ಮಾಡಬೇಕು, ಮೇಡಂ ಎರಡನೇ ಸಾಲಿನ ಕುರ್ಚಿಯಲ್ಲಿ ಕೈಕಟ್ಟಿ ಕೂರಬೇಕು. ಚೀಟಿ ಕಳಿಸುವಂತಿಲ್ಲ, ಕಣ್ಸನ್ನೆಯಿಲ್ಲ. ಕೆಮ್ಮು ಬಂದರೂ ಎದ್ದು ಹೊರಗೆ ಹೋಗಿ ಕೆಮ್ಮಿ ಬರುತ್ತಿದ್ದರು, ವಿದ್ಯಾರ್ಥಿ ಅದನ್ನೊಂದು ಸೂಚನೆ ಎಂದು ತಿಳಿದುಕೊಂಡಾನು ಎಂದು. ಬೇಕಾದರೆ ನಗಿ. ನಕ್ಕವರೆಲ್ಲ ಆಮೇಲೆ ಊರೂರಿನಲ್ಲಿ ಒಳ್ಳೆಯ ವಕೀಲರಾಗಿ, ತಮ್ಮ ಕಾಲ ಮೇಲೆ ನಿಲ್ಲುವುದನ್ನು ಕಲಿಸಿದ್ದು ಅದೇ ಕುರ್ಚಿ ಎಂದು ಹೇಳಿಕೊಂಡು ತಿರುಗಿದ್ದಾರೆ.

ಈ ಹಟಕ್ಕೊಂದು ಕಾರಣವಿತ್ತು. ಮೇಡಂ ಹೊಸದಾಗಿ ಕರಿಕೋಟು ಹಾಕಿದಾಗ ಅವರ ಸೀನಿಯರ್ ಒಬ್ಬ ಮಹಾ ವಾಚಾಳಿ. ಇವರಿಂದ ಕಡತ ಹೊರಿಸುತ್ತಿದ್ದ, ಬರೆಸುತ್ತಿದ್ದ, ಒಂದು ದಿನವೂ ಬಾಯಿ ತೆರೆಯಲು ಬಿಡಲಿಲ್ಲ. ವರ್ಷಗಟ್ಟಲೆ ಹಾಗೇ ಕಳೆಯಿತು. ಆಮೇಲೊಂದು ದಿನ ಅವನಿಗೆ ಎದೆನೋವು ಬಂದು ಹಾಸಿಗೆ ಹಿಡಿದ. ಇವರೇ ಎದ್ದು ನಿಲ್ಲಬೇಕಾಯಿತು. ನಿಂತರು. ಕೇಸಿನ ಪ್ರತಿಯೊಂದು ಸಾಲೂ ಬಾಯಿಪಾಠವಿತ್ತು, ಆದರೆ ಗಂಟಲಿನಿಂದ ಒಂದು ಶಬ್ದ ಹೊರಡಲಿಲ್ಲ. ಆ ದಿನದ ಅವಮಾನವನ್ನು ಅವರು ಜೀವಮಾನವಿಡೀ ಹೊಟ್ಟೆಯಲ್ಲಿಟ್ಟುಕೊಂಡರು. ತನ್ನ ಕೈಕೆಳಗೆ ಕಲಿತ ಒಂದು ಮಗುವಿಗೂ ಹೀಗಾಗಬಾರದು ಎಂದು ಪಣ ತೊಟ್ಟರು. ಒಳ್ಳೆಯ ಪಣವೇ. ಒಳ್ಳೆಯದು ಎಂಬ ಕಾರಣಕ್ಕೇ ಅದನ್ನು ಯಾರೂ, ಅವರೂ ಕೂಡ, ಮತ್ತೆ ಮುಟ್ಟಿ ನೋಡಲಿಲ್ಲ.

ಮನೆಯಲ್ಲಿ ಮೇಡಂ ಮತ್ತು ಅವರ ಅಕ್ಕ, ಇಬ್ಬರೇ. ಅಕ್ಕ ನಿವೃತ್ತ ನರ್ಸ್. ಮಂಡಿನೋವು, ಮೂರನೇ ಮಹಡಿ, ಕೆಟ್ಟು ನಿಂತ ಲಿಫ್ಟು ಎಲ್ಲ ಸೇರಿ ಆಕೆಯನ್ನು ಕಿಟಕಿಯ ಪಕ್ಕದ ಕುರ್ಚಿಗೆ ಕಟ್ಟಿಹಾಕಿದ್ದವು, ನಾಲಿಗೆಯನ್ನು ಮಾತ್ರ ಕಟ್ಟಿರಲಿಲ್ಲ. “ಹೊರಗೆ ಸುಮ್ಮನಿದ್ದು ಮನೇಲಿ ನನ್ನ ತಲೆ ತಿನ್ತೀಯಲ್ಲ, ಅದೇನು ನಿಮ್ಮ ಕಾನೂನಲ್ಲಿದೆಯಾ?” ಎಂದು ಛೇಡಿಸುತ್ತಿದ್ದಳು.

ಕ್ಲಿನಿಕ್ಕಿಗೆ ಟೈಲರಮ್ಮ ಬಂದದ್ದು ಹಿಂದಿನ ವರ್ಷದ ತಂಡದ ಕಾಲದಲ್ಲಿ. ಗಡಿಯಾಚೆಯವಳಾದರೂ ಭಾಷೆ ಇದೇ, ರಾಗ ಮಾತ್ರ ಸ್ವಲ್ಪ ಬೇರೆ. ಅಲ್ಲಿ ಅವಳೂ ಅವಳ ತಮ್ಮನೂ ಸೇರಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದರು. ತಮ್ಮನಂತೂ ಗುಂಡಿಗೆ ಕಾಜಾ ಹಾಕುವುದಕ್ಕಿಂತ ಸರ್ಕಾರದ ವಿರುದ್ಧ ಗೋಡೆಗೆ ಪೋಸ್ಟರು ಹಚ್ಚುವುದರಲ್ಲಿ ಚುರುಕು. ಒಂದು ಮಧ್ಯಾಹ್ನ ಅಂಗಡಿಯಿಂದಲೇ ಅವನನ್ನು ಪೊಲೀಸರು ಎಳೆದೊಯ್ದರು. ವಿಚಾರಿಸಲು ಠಾಣೆಗೆ ಹೋದ ಇವಳನ್ನೂ ಒಳಗೆ ಹಾಕಿದರು. ಬಿಟ್ಟು ಕಳಿಸಿದಾಗ ಅವಳ ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಇನ್ನೊಮ್ಮೆ ತಮ್ಮನ ಹೆಸರೆತ್ತಿದರೆ ನೀನೂ ಅವನಿದ್ದಲ್ಲಿಗೇ ಹೋಗುತ್ತೀಯ ಎಂದರಂತೆ. ಅವನು ಎಲ್ಲಿದ್ದಾನೆ ಎಂದು ಮಾತ್ರ ಯಾರೂ ಹೇಳಲಿಲ್ಲ. ಅವಳು ಉಟ್ಟ ಬಟ್ಟೆಯಲ್ಲೇ ಗಡಿ ದಾಟಿ, ಚೌಕಿಯ ಅಧಿಕಾರಿಯ ಮುಂದೆ ನಡೆದದ್ದನ್ನೆಲ್ಲ ಹೇಳಿ, ಆಶ್ರಯ ಕೊಡಿ ಎಂದು ಕೇಳಿಕೊಂಡಿದ್ದಳು. ಈಗ ನ್ಯಾಯಾಧೀಶರು ಅವಳ ಮಾತನ್ನು ನಂಬಿದರೆ ಇಲ್ಲೇ ಇರಬಹುದು. ನಂಬದಿದ್ದರೆ ಗಡಿಯಾಚೆ ಕಳಿಸುತ್ತಾರೆ, ಅದೇ ಪೊಲೀಸರ ಕೈಗೆ.

ಅವಳ ಕೇಸು ಈ ವರ್ಷ ಬಂದದ್ದು ಗಡಿಬಿಡಿಯ ಪಾಲಿಗೆ. ಗಡಿಬಿಡಿ ಎಂದರೆ ತಂಡದ ಅತಿ ಚುರುಕಿನ ಹುಡುಗಿ. ಓಡುತ್ತ ಬರುವಳು, ಬಂದದ್ದೇ ಏನನ್ನಾದರೂ ಬೀಳಿಸುವಳು, ಬಿದ್ದದ್ದನ್ನು ಎತ್ತುತ್ತಲೇ ಪ್ರಶ್ನೆ ಕೇಳುವಳು. ಮೊದಲ ದಿನ “ಆಂಟಿ” ಎಂದದ್ದಕ್ಕೆ ಟೈಲರಮ್ಮ ಮೂಗು ಮುರಿದಳು.

“ಆಂಟಿ ಗೀಂಟಿ ಎಲ್ಲ ಬೇಡ. ಚಿಕ್ಕಮ್ಮ ಅನ್ನು. ನನ್ನ ತಮ್ಮನಿಗೆ ಮದುವೆ ಆಗಿದ್ರೆ ನಿನ್ನಂಥ ಮಗಳು ಇರ್ತಿದ್ಲು.”

“ಆಗ ನೀವು ನನಗೆ ಅತ್ತೆ ಆಗ್ತಿದ್ರಿ, ಚಿಕ್ಕಮ್ಮ ಅಲ್ಲ.”

“ಅತ್ತೆ ಅಂದ್ರೆ ಹೆದರ್ಕೊಂಡು ಓಡಿಹೋಗ್ತೀಯ. ಚಿಕ್ಕಮ್ಮನೇ ಇರ್ಲಿ.”

ಟೈಲರಮ್ಮ ನಕ್ಕಿದ್ದನ್ನು ಆ ಕೋಣೆ ಕಂಡದ್ದು ಅದೇ ಮೊದಲು. ಮೇಡಂಗೆ ಆ ದಿನ ತುಂಬ ಸಂತೋಷವಾಯಿತು.

ಆದರೆ ಕತೆ ಹೇಳಲು ಕೂತರೆ ಅವಳ ಬಾಯಿ ಠಾಣೆಯ ಬಾಗಿಲಿಗೆ ಬಂದು ನಿಂತುಬಿಡುತ್ತಿತ್ತು. ಮುಂದಕ್ಕೆ ಹೋಗುತ್ತಿರಲಿಲ್ಲ. ಮೈ ನಡುಗುವುದು, ಬೆವರುವುದು, ನೀರು ಕೇಳುವುದು. ಇದನ್ನು ಬಿಡಿಸಲು ಮೇಡಂ ಹತ್ತಿರ ಒಂದು ಪದ್ಧತಿಯಿತ್ತು. ಕ್ಲಿನಿಕ್ಕಿನ ಕೋಣೆಯನ್ನೇ ನ್ಯಾಯಾಲಯ ಮಾಡುವುದು. ಹಲಗೆಯ ಮೇಲೆ ಎತ್ತರಕ್ಕೆ ಮೇಜು, ಅದರ ಹಿಂದೆ ಕಪ್ಪು ಶಾಲು ಹೊದ್ದ ಒಬ್ಬ ವಿದ್ಯಾರ್ಥಿ ನ್ಯಾಯಾಧೀಶ, ಇನ್ನೊಬ್ಬ ಸರ್ಕಾರಿ ವಕೀಲ. ಸಾಕ್ಷಿ ಕೂರುವ ಕುರ್ಚಿ, ಗಾಜಿನ ಲೋಟ, ಮೈಕು ಎಲ್ಲ ನಿಜವಾದ ನ್ಯಾಯಾಲಯದಲ್ಲಿ ಇದ್ದ ಹಾಗೇ, ಇದ್ದ ಜಾಗದಲ್ಲೇ. ಹೆದರಿಕೆ ಮೊದಲೇ ಸವೆದುಹೋಗಲಿ ಎಂಬುದು ಉದ್ದೇಶ. ಒಂದು ಸುತ್ತು ಮುಗಿದ ಮೇಲೆ ಎಲ್ಲರೂ ಸೇರಿ ಎಲ್ಲಿ ತಡವರಿಸಿದಿರಿ, ಎಲ್ಲಿ ಹಿಂದಿನದು ಮುಂದಾಯಿತು ಎಂದು ಅವಳಿಗೆ ಹೇಳುತ್ತಿದ್ದರು. ಇಲ್ಲದ್ದನ್ನು ಸೇರಿಸಿ ಎಂದು ಯಾವತ್ತೂ ಯಾರೂ ಹೇಳಲಿಲ್ಲ. ಆ ವಿಷಯದಲ್ಲಿ ಮೇಡಂ ಬೆಂಕಿ.

ಟೈಲರಮ್ಮ ಇದನ್ನು ತನ್ನ ಕಸುಬಿನ ಲೆಕ್ಕದಲ್ಲಿ ಅರ್ಥಮಾಡಿಕೊಂಡಳು. ರವಿಕೆ ಹೊಲಿದು ಗಿರಾಕಿಗೆ ತೊಡಿಸಿ ನೋಡುವ ಹಾಗೆ ಇದೂ ಒಂದು ಟ್ರಯಲ್. ಎಲ್ಲಿ ಬಿಗಿ, ಎಲ್ಲಿ ಸಡಿಲ, ನೋಡಿ ಮತ್ತೆ ಸರಿಮಾಡುವುದು. ಪ್ರತಿ ಸುತ್ತಿನ ಕೊನೆಗೆ ಗಡಿಬಿಡಿಯ ಕಡೆ ತಿರುಗಿ, “ಈ ಸಲ ಸರಿಯಾಯ್ತಾ ಮಗಳೇ?” ಎಂದು ಕೇಳುವಳು. ಗಡಿಬಿಡಿ “ತುಂಬಾ ಚೆನ್ನಾಗಾಯ್ತು ಚಿಕ್ಕಮ್ಮ” ಎನ್ನುವಳು. ಕೊನೆಯ ಅಭ್ಯಾಸದಲ್ಲಿ ಟೈಲರಮ್ಮ ಠಾಣೆಯ ಬಾಗಿಲು ದಾಟಿ, ಒಳಗೆ ನಡೆದದ್ದನ್ನೆಲ್ಲ ಹೇಳಿ, ಹೊರಗೆ ಬಂದಳು. ಕೋಣೆಯವರೆಲ್ಲ ಚಪ್ಪಾಳೆ ತಟ್ಟಿದರು. ಕಪ್ಪು ಶಾಲಿನ ನ್ಯಾಯಾಧೀಶ ಮೂಗು ಒರೆಸಿಕೊಂಡ.

ಒಂದು ಮಾತು ಹೇಳುವುದನ್ನು ಅಷ್ಟೂ ಜನ ಮರೆತರು. ನಾಳೆಯದು ಟ್ರಯಲ್ ಅಲ್ಲ, ನಾಳೆ ನಡುವೆ ನಮ್ಮನ್ನು ಏನೂ ಕೇಳಬೇಡಿ ಎಂದು. ಅಷ್ಟು ಅವಳಿಗೆ ಗೊತ್ತಿರುವುದಿಲ್ಲವೇ ಎಂದು ಒಬ್ಬೊಬ್ಬರೂ ಅಂದುಕೊಂಡರು. ಓದಿದವರ ತಲೆಗೆ ಇಂಥವೇ ಹೊಳೆಯುವುದಿಲ್ಲ ನೋಡಿ.

ವಿಚಾರಣೆಯ ದಿನ ಟೈಲರಮ್ಮ ಚೆನ್ನಾಗಿಯೇ ಮಾತಾಡಿದಳು. ಅಂಗಡಿ, ಪೋಸ್ಟರು, ಜೀಪು, ಠಾಣೆ. ನ್ಯಾಯಾಧೀಶರು ವಯಸ್ಸಾದವರು, ಕನ್ನಡಕ ಹಣೆಗೇರಿಸಿ ಗಮನವಿಟ್ಟು ಕೇಳುತ್ತಿದ್ದರು. ಸರ್ಕಾರಿ ವಕೀಲ ಕೇಳಿದ ಅಡ್ಡಪ್ರಶ್ನೆಗಳಿಗೂ ಅವಳು ತಡವರಿಸಲಿಲ್ಲ. ಎರಡನೇ ಸಾಲಿನಲ್ಲಿ ಮೇಡಂ ಮನಸ್ಸಿನಲ್ಲೇ, ಗೆದ್ದೆವು ಎಂದುಕೊಂಡರು. ಕೊನೆಯ ಉತ್ತರ ಮುಗಿಯಿತು. ಸರ್ಕಾರಿ ವಕೀಲ ಕುಳಿತುಕೊಂಡ. ಟೈಲರಮ್ಮ ಒಂದು ಗುಟುಕು ನೀರು ಕುಡಿದು, ಗಡಿಬಿಡಿಯ ಕಡೆ ತಿರುಗಿ, ಮೈಕಿನ ಮುಂದೆಯೇ ಕೇಳಿದಳು.

“ಈ ಸಲ ಸರಿಯಾಯ್ತಾ ಮಗಳೇ? ಹೋದ ಸಲ ಜೀಪಿನ ವಿಷಯ ಬಿಟ್ಟೇಹೋಗಿತ್ತು.”

ನ್ಯಾಯಾಧೀಶರ ಕನ್ನಡಕ ಹಣೆಯಿಂದ ಮೂಗಿಗಿಳಿಯಿತು.

“ಹೋದ ಸಲ ಅಂದ್ರೆ? ಎಲ್ಲಿ?”

“ಕಾಲೇಜಲ್ಲಿ, ಸ್ವಾಮಿ. ಇವರು ಎಷ್ಟೋ ಸಲ ಹೇಳಿಸಿದ್ದಾರೆ. ತಪ್ಪಾದ್ರೆ ಮತ್ತೆ ಮೊದಲಿಂದ.” ಕೇಳಿದ್ದಕ್ಕೆ ನಿಜ ಹೇಳಬೇಕು ಎಂದು ಅವಳಿಗೆ ಅದೇ ಕೋಣೆಯಲ್ಲಿ ಹೇಳಿಕೊಟ್ಟಿದ್ದರು. ಅವಳು ನಿಜವನ್ನೇ ಹೇಳಿದಳು, ಸ್ವಲ್ಪ ಹೆಮ್ಮೆಯಿಂದಲೇ.

“ವಕೀಲರು ಇದಕ್ಕೆ ಏನು ಹೇಳ್ತೀರಿ?” ಎಂದು ನ್ಯಾಯಾಧೀಶರು ಗಡಿಬಿಡಿಯನ್ನು ಕೇಳಿದರು.

ಮೇಡಂ ತಲೆಯಲ್ಲಿ ಉತ್ತರ ತಕ್ಷಣ ಸಿದ್ಧವಾಯಿತು. ಸಾಕ್ಷಿಯನ್ನು ವಿಚಾರಣೆಗೆ ಅಣಿಮಾಡುವುದು ತಪ್ಪಲ್ಲ, ಕಾನೂನೇ ಒಪ್ಪಿದೆ. ಇನ್ನು ಈ ಕತೆ ಕಲಿಸಿದ್ದು ಎಂಬ ಅನುಮಾನವಿದ್ದರೆ, ಗಡಿ ಚೌಕಿಯಲ್ಲಿ ಮೊದಲ ದಿನವೇ ಬರೆದುಕೊಂಡ ಹೇಳಿಕೆ ಕಡತದಲ್ಲಿದೆ. ನಮ್ಮ ಮುಖ ನೋಡುವ ಎಷ್ಟೋ ಮುಂಚೆ ಅವಳು ಹೇಳಿದ್ದು. ಇದೇ ಅಂಗಡಿ, ಇದೇ ಜೀಪು, ಇದೇ ಬೆರಳು. ದಯಮಾಡಿ ಓದಿ. ಇಷ್ಟೇ. ಎರಡು ಮಾತು.

ಗಡಿಬಿಡಿ ಕಾಗದ ಮಗುಚಿದಳು. ಮತ್ತೆ ಮಗುಚಿದಳು. ತಿರುಗಿ ಎರಡನೇ ಸಾಲಿನ ಕಡೆ ನೋಡಿದಳು. ಆ ಹುಡುಗಿ ಹಾಗೆ ತಿರುಗಿ ನೋಡಿದ್ದು ಅದೇ ಮೊದಲು, ಅದೇ ಕೊನೆ.

ಮೇಡಂ ಕೂತೇ ಇದ್ದರು. ಅವಳಿಗೆ ಗೊತ್ತಿದೆ, ಇನ್ನೊಂದು ಕ್ಷಣ ಬಿಟ್ಟರೆ ಹೊಳೆಯುತ್ತದೆ, ಈಗ ನಾನು ಎದ್ದರೆ ಇನ್ನು ಜನ್ಮದಲ್ಲಿ ಇವಳು ತಾನಾಗಿ ಏಳುವುದಿಲ್ಲ ಎಂದುಕೊಂಡರು. ಇನ್ನೊಂದು ಕ್ಷಣ ಎಂದುಕೊಂಡರು. ಎಷ್ಟೋ ವಿದ್ಯಾರ್ಥಿಗಳು ಇಂಥದೇ ಹೊತ್ತಿನಲ್ಲಿ ತಡಕಾಡಿ ಉತ್ತರ ಹುಡುಕಿಕೊಂಡದ್ದನ್ನು ಅವರು ಕಂಡಿದ್ದರು. ಕೈಗಳು ಕಟ್ಟಿದಂತೆಯೇ ಇದ್ದವು.

“ಕ್ಷಮಿಸಿ ಸರ್,” ಎಂದಳು ಗಡಿಬಿಡಿ.

ಆ ಒಂದು ಮಾತು ಬರಬಾರದಿತ್ತು. ನ್ಯಾಯಾಧೀಶರು ತಲೆಯಾಡಿಸಿ ಬರೆಯತೊಡಗಿದರು. ಆಗ ಮೇಡಂ ದಡಕ್ಕನೆ ಎದ್ದರು. “ಕೂತ್ಕೊಳ್ಳಿ. ಈ ಕೇಸನ್ನ ವಿದ್ಯಾರ್ಥಿಯೇ ನಡೆಸ್ತಾರೆ ಅಂತ ನೀವೇ ಬರೆದುಕೊಟ್ಟಿದ್ದೀರಿ. ವಿಚಾರಣೆ ಮುಗೀತು,” ಎಂದರು ನ್ಯಾಯಾಧೀಶರು, ತಲೆಯೆತ್ತದೆಯೇ.

ಅಂದೇ ತೀರ್ಪು ಬಂತು. ಸಾಕ್ಷಿಯ ಮಾತು ಗಿಳಿಪಾಠ, ಹೇಳಿಸಿದವರು ತಪ್ಪೊಪ್ಪಿಕೊಂಡಿದ್ದಾರೆ, ನಂಬಲು ಸಾಧ್ಯವಿಲ್ಲ. ಸೋಮವಾರ ಬೆಳಿಗ್ಗೆ ಚೀಲ ಕಟ್ಟಿಕೊಂಡು ಬಂದು ಹಾಜರಾಗಬೇಕು. ಠಾಣೆಯ ಬಾಗಿಲು ದಾಟಲು ಅವಳು ಎಷ್ಟು ಒದ್ದಾಡಿದ್ದಳೋ, ಆ ಒದ್ದಾಟವೇ ಅವಳಿಗೆ ಮುಳುವಾಯಿತು. ಅಳುತ್ತ ತೊದಲಿದ್ದರೆ ನಂಬುತ್ತಿದ್ದರೇನೋ.

ಮೇಡಂ ಮನೆಗೆ ಬಂದು ಚಪ್ಪಲಿ ಕೂಡ ಬಿಡದೆ ಅಡಿಗೆಮನೆಯ ಸ್ಟೂಲಿನ ಮೇಲೆ ಕುಕ್ಕರಿಸಿದರು. ಅಕ್ಕ ಗೋಡೆ ಹಿಡಿದುಕೊಂಡು ಬಂದಳು. ಎಲ್ಲ ಕೇಳಿದಳು.

“ನಿನಗೆ ಉತ್ತರ ಗೊತ್ತಿತ್ತಾ?”

“ಗೊತ್ತಿತ್ತು.”

“ನೀನೆಲ್ಲಿದ್ದೆ?”

“ಅವಳ ಹಿಂದೇನೇ.”

ಅಕ್ಕ ಛೇಡಿಸಲಿಲ್ಲ. ಏನಾದರೂ ಚುಚ್ಚಿ ಆಡಿದ್ದರೆ ಮೇಡಂಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಹಾಲು ಬಿಸಿಮಾಡಿ ಮುಂದಿಟ್ಟು, ತಂಗಿಯ ತಲೆ ಸವರಿ, ಗೋಡೆ ಹಿಡಿದುಕೊಂಡೇ ವಾಪಸು ಹೋದಳು. ಹಾಲು ಆರಿ ಕೆನೆಗಟ್ಟಿತು.

ಮರುದಿನ ಮೇಡಂ ಓಡಿದ್ದು ಕೊಡೆ ವಕೀಲರ ಹತ್ತಿರ. ಜೊತೆಗೆ ಓದಿದವರು, ಬಿಸಿಲಿರಲಿ ಮೋಡವಿರಲಿ ಕಂಕುಳಲ್ಲಿ ಕೊಡೆ ಇಲ್ಲದೆ ಹೊರಬೀಳದ ಮನುಷ್ಯ. ಮೇಲ್ಮನವಿಗಳಲ್ಲೇ ಕೂದಲು ಬೆಳ್ಳಗಾದವರು. ತೀರ್ಪು ಓದಿ ಕೊಡೆಯ ಹಿಡಿ ತಿರುವುತ್ತ ಕೂತರು.

“ಚೌಕಿಯ ಹೇಳಿಕೆನ ನಿಮ್ಮ ಕಡೆಯವರು ಅಲ್ಲೇ ಎತ್ತಿ ತೋರಿಸಬೇಕಿತ್ತು. ಈಗ ಮೇಲೆ ಹೋಗಿ ಹೊಸದಾಗಿ ಹೇಳಿದ್ರೆ ಕೇಳಲ್ಲ. ಒಂದೇ ದಾರಿ. ವಕೀಲರ ತಪ್ಪಿಂದ ಇದು ಬಿಟ್ಟುಹೋಯ್ತು ಅಂತ ಆಯಮ್ಮ ವಕೀಲರ ಮಂಡಳಿಗೆ ದೂರು ಕೊಡ್ಬೇಕು. ದೂರಿನ ಪ್ರತಿ ಇಟ್ಟು, ಗಡಿಯಾಚೆ ಕಳಿಸೋದಕ್ಕೆ ತಡೆ ಕೇಳೋಣ. ಶುಕ್ರವಾರ ಕಚೇರಿ ಮುಚ್ಚೋದ್ರೊಳಗೆ.”

“ಯಾರ ಮೇಲೆ ದೂರು?”

“ವಾದ ಮಾಡಿದವರು ಯಾರು? ಆ ಹುಡುಗಿ. ಅವಳ ಹೆಸರು ಬಂದೇ ಬರುತ್ತೆ. ವಕೀಲಿ ಸನ್ನದು ಕೈಗೆ ಬರೋ ಮುಂಚೆನೇ ಮಂಡಳಿ ಮುಂದೆ ನಿಲ್ಬೇಕಾಗುತ್ತೆ, ಪಾಪ.” ವಕೀಲರು ಕೊಡೆಯನ್ನು ಗೋಡೆಗೆ ಒರಗಿಸಿದರು. “ಅವಳ ಹೆಸರು ಬರಬಾರದು ಅಂದ್ರೆ ನೀನು ಬರೆದುಕೊಡ್ಬೇಕು. ಹೊಣೆ ನನ್ನದು, ಉತ್ತರ ನನಗೆ ಗೊತ್ತಿತ್ತು, ಬೇಕೂಂತಲೇ ಸುಮ್ಮನೆ ಕೂತಿದ್ದೆ ಅಂತ. ಹಾಗೆ ಬರೆದ್ರೆ ನಿನ್ನ ಸನ್ನದು ಹೋಗಬಹುದು. ಕ್ಲಿನಿಕ್ಕೂ ಹೋಗುತ್ತೆ.”

ಮೇಡಂ ಅಲ್ಲೇ ಕೂತು ಬರೆದರು. ಕಾಲೇಜಿನ ಮುಖ್ಯಸ್ಥರಿಗೆ ಸುದ್ದಿ ಮುಟ್ಟಿ ಅವರು ಫೋನಿನಲ್ಲಿ ಕಿರುಚಾಡಿದರು. “ಬಾಯಿ ಮುಚ್ಕೊಂಡಿರೋದ್ರಲ್ಲಿ ನಿಮ್ಮಷ್ಟು ಪಳಗಿದವರು ಯಾರೂ ಇಲ್ಲ. ಇದೊಂದು ಸಲ ಮುಚ್ಕೊಂಡಿರೋಕೆ ಏನು ಕಷ್ಟ ನಿಮಗೆ?” ಎಂದರು. ಮೇಡಂ ಫೋನು ಇಟ್ಟರು.

ಇಷ್ಟೆಲ್ಲ ಆದ ಮೇಲೆ ಟೈಲರಮ್ಮ ಸಹಿ ಹಾಕಲು ಒಲ್ಲೆ ಎಂದಳು. ಕೊಡೆ ವಕೀಲರು ಎರಡು ಸಲ ಅವಳ ಮನೆಯ ಮೆಟ್ಟಿಲು ಹತ್ತಿ ಇಳಿದರು. “ನನ್ನ ಜೊತೆ ಕೂತು ಅತ್ತ ಮಕ್ಕಳವು. ಆ ಕಾಲೇಜಿನ ಮೇಲೆ ದೂರು ಕೊಟ್ರೆ ನನ್ನ ಕೈ ಸೇದಿಹೋಗುತ್ತೆ,” ಎಂದು ಬಾಗಿಲು ಹಾಕಿಕೊಂಡಳಂತೆ. ಶುಕ್ರವಾರ ಮಧ್ಯಾಹ್ನ ಮೇಡಂ ತಾವೇ ಹೊರಟರು. ವಕೀಲರು ಕೆಳಗೆ ಆಟೋ ನಿಲ್ಲಿಸಿಕೊಂಡು ಕಾದರು.

ಇಸ್ತ್ರಿ ಅಂಗಡಿಯ ಮೇಲೆ ಒಂದೇ ಕೋಣೆ. ಕೆಳಗಿನ ಹಬೆ ನೆಲದಿಂದಲೇ ಮೇಲೆ ಬಂದು ಗೋಡೆಯೆಲ್ಲ ಬೆಚ್ಚಗಿತ್ತು. ಟೈಲರಮ್ಮ ಯಂತ್ರದ ಮುಂದೆ ಕೂತು ಯಾರದೋ ಪ್ಯಾಂಟಿನ ಅಂಚು ಮಡಿಸುತ್ತಿದ್ದಳು. ಸೋಮವಾರದ ಒಳಗೆ ಗಿರಾಕಿಗಳ ಬಟ್ಟೆಯೆಲ್ಲ ಮುಗಿಸಿ ಕೊಟ್ಟುಬಿಡಬೇಕು, ಯಾರದೂ ಅರ್ಧಕ್ಕೆ ನಿಲ್ಲಬಾರದು ಎಂಬ ಧಾವಂತ. ಮೂಲೆಯಲ್ಲಿ ಚೀಲ ಕಟ್ಟಿಟ್ಟಾಗಿತ್ತು. ಮೇಡಂ ಅದರಿಂದ ಕಣ್ಣು ಕಿತ್ತು ದೂರಿನ ಪತ್ರ ಹೊರತೆಗೆದರು.

“ಬನ್ನಿ ಟೀಚರ್. ಟೀ ಇಡ್ಲಾ?”

“ಬೇಡಮ್ಮ. ಇದಕ್ಕೊಂದು ಸಹಿ ಹಾಕಿ. ಕಚೇರಿ ಮುಚ್ಚುತ್ತೆ.”

“ಆ ವಕೀಲರಿಗೆ ಹೇಳಿದ್ದೀನಲ್ಲ.”

“ಇದರಲ್ಲಿ ಆ ಹುಡುಗಿ ಹೆಸರಿಲ್ಲ. ನನ್ನ ಹೆಸರು ಮಾತ್ರ ಇದೆ. ನೋಡಿ ಬೇಕಾದ್ರೆ.”

ಟೈಲರಮ್ಮ ನೋಡಲಿಲ್ಲ. “ನಿಮ್ಮ ಅನ್ನ ಕಿತ್ಕೊಂಡು ನಾನು ಬದುಕ್ಲಾ? ತಪ್ಪು ನಂದೇ. ಕೇಳಬಾರದ ಜಾಗದಲ್ಲಿ ಕೇಳಿದೆ.”

“ನಿಮ್ಮದಲ್ಲ,” ಎಂದರು ಮೇಡಂ. “ನ್ಯಾಯಾಧೀಶರು ಪ್ರಶ್ನೆ ಹಾಕಿದಾಗ ಉತ್ತರ ನನಗೆ ಗೊತ್ತಿತ್ತು.”

“ಭಯಕ್ಕೆ ಬಾಯಿ ಬರಲಿಲ್ವಾ?”

“ಭಯ ಅಲ್ಲ. ಬೇಕೂಂತಲೇ ಸುಮ್ಮನಿದ್ದೆ. ಆ ಹುಡುಗಿ ತಾನೇ ಕಲೀಲಿ ಅಂತ.”

ಯಂತ್ರದ ಚಕ್ರ ನಿಂತಿತು. ಟೈಲರಮ್ಮ ಮಡಚದ ತನ್ನ ಎರಡು ಬೆರಳು ತೀಡುತ್ತ ಕೂತಳು. ಈಗ ಬೈಯುತ್ತಾಳೆ, ಬೈದು ಸಹಿ ಹಾಕುತ್ತಾಳೆ ಎಂದು ಮೇಡಂ ಕಾದರು. ಬೈಯಲಿ ಎಂದೇ ಹಾರೈಸಿದರು. ಆದರೆ ಅವಳು ನಿಟ್ಟುಸಿರು ಬಿಟ್ಟಳು.

“ಆಗಿದ್ದು ಆಗೋಯ್ತು. ನನ್ನ ಹಣೆಬರಹ. ನೀವು ಒಳ್ಳೇದಕ್ಕೇ ಮಾಡಿದ್ರಿ.” ಪ್ಯಾಂಟನ್ನು ಮತ್ತೆ ಸೂಜಿಯ ಕೆಳಗೆ ಸರಿಸಿದಳು.

ಮೇಡಂಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಕೆಳಗಿನಿಂದ ಆಟೋದ ಹಾರ್ನು ಕೇಳಿಸಿತು. ಈ ಹೆಂಗಸನ್ನು ಸೋಮವಾರ ಆ ಜನರ ಕೈಗೆ ಒಪ್ಪಿಸುತ್ತಾರೆ, ನಾನು ಮಂಗಳವಾರ ಎಂದಿನಂತೆ ತರಗತಿಗೆ ಹೋಗುತ್ತೇನೆ ಎನಿಸಿತು. ಕಾಲು ಹಿಡಿಯುವುದೊಂದೇ ಬಾಕಿ ಎಂದು ಅವರು ನೆಲಕ್ಕೆ ಬಾಗುವಷ್ಟರಲ್ಲಿ ಟೈಲರಮ್ಮ ತಲೆಯೆತ್ತಿದಳು.

“ಅಲ್ಲಾ ಟೀಚರ್, ಆ ಮಗು ದಿನಾ ಫೋನ್ ಮಾಡುತ್ತೆ. ನನ್ನಿಂದ ನಿಮ್ಮ ಜೀವ ಹೋಗುತ್ತೆ ಚಿಕ್ಕಮ್ಮ, ನಾನು ಓದೋದು ಬಿಟ್ಬಿಡ್ತೀನಿ ಅಂತ ಬಿಕ್ಕಿಬಿಕ್ಕಿ ಅಳುತ್ತೆ. ಅನ್ನ ಮುಟ್ತಿಲ್ವಂತೆ. ನಿಮಗೆ ಗೊತ್ತಿತ್ತು, ನೀವು ಬೇಕೂಂತ ಸುಮ್ಮನಿದ್ರಿ ಅಂತ ಅವಳಿಗೆ ಹೇಳಿದ್ದೀರಾ?”

ಮೇಡಂ ಮಂಡಳಿಗೆ ಬರೆದಿದ್ದರು, ವಕೀಲರಿಗೆ ಹೇಳಿದ್ದರು, ಅಕ್ಕನಿಗೆ ಹೇಳಿದ್ದರು. ಆ ಹುಡುಗಿಗೆ ಹೇಳಿರಲಿಲ್ಲ. ಅವಳ ಫೋನು ಎಷ್ಟೋ ಸಲ ಬಂದಿತ್ತು. ಆಮೇಲೆ ಮಾತಾಡಿದರಾಯಿತು, ಸ್ವಲ್ಪ ತಾನೇ ಯೋಚಿಸಲಿ ಎಂದು ಎತ್ತಿರಲಿಲ್ಲ.

“ಇಲ್ಲ,” ಎಂದರು.

ಟೈಲರಮ್ಮ ಎದ್ದಳು. ಅವಳ ಮುಖದಲ್ಲಿ ಅಷ್ಟು ಕೋಪವನ್ನು ಮೇಡಂ ಯಾವತ್ತೂ ಕಂಡಿರಲಿಲ್ಲ. ಠಾಣೆಯ ಕತೆ ಹೇಳುವಾಗಲೂ ಇಲ್ಲ.

“ನಂದು ಬಿಡಿ. ನಾನು ಕಲ್ಲು. ಆ ಮಗುನ ಯಾಕ್ರೀ ಕೊಲ್ತಿದ್ದೀರಿ? ಎಲ್ಲಿ, ಕೊಡಿ ಇಲ್ಲಿ ಆ ಪತ್ರ!”

ಯಂತ್ರದ ಮೇಲೆಯೇ ಹರವಿಕೊಂಡು, ಎಲ್ಲೆಲ್ಲಿ ಹಾಕಬೇಕೋ ಅಲ್ಲೆಲ್ಲ ಒತ್ತಿ ಒತ್ತಿ ಸಹಿ ಹಾಕಿದಳು. ಪತ್ರಗಳನ್ನು ಮೇಡಂ ಎದೆಗೆ ದೂಡಿದಳು.

“ಈಗ ಅವಳಿಗೆ ಫೋನ್ ಮಾಡಿ. ನನ್ನ ಎದುರಿಗೇ ಹೇಳಿ.”

ಮೇಡಂ ಫೋನು ತೆಗೆದರು. ಆ ಕಡೆಯಿಂದ ಒಂದೇ ರಿಂಗಿಗೆ, “ಮೇಡಂ? ಮೇಡಂ, ನೀವಾ?” ಎಂದಿತು ಒಡೆದ ಧ್ವನಿ. ಮೇಡಂ ಹೇಳಿದರು. ನಿನ್ನ ತಪ್ಪಲ್ಲ, ನೀನು ತಿರುಗಿ ನೋಡಿದಾಗ ನನಗೆ ಉತ್ತರ ಗೊತ್ತಿತ್ತು, ಗೊತ್ತಿದ್ದೂ ನಾನು ಏಳಲಿಲ್ಲ. ಹುಡುಗಿ ಕೇಳಿದಳು, “ಇಷ್ಟು ದಿನ ಯಾಕೆ ಹೇಳಲಿಲ್ಲ ಮೇಡಂ?”

ಟೈಲರಮ್ಮ ಫೋನನ್ನು ಅವರ ಕೈಯಿಂದ ತೆಗೆದುಕೊಂಡು, ಬೆನ್ನು ತಿರುಗಿಸಿ ಕಿಟಕಿಯ ಹತ್ತಿರ ಹೋದಳು. ಕೆಳಗೆ ಹಾರ್ನು ಮತ್ತೆ ಮತ್ತೆ ಕೂಗುತ್ತಿತ್ತು. ಪತ್ರಗಳನ್ನು ಎದೆಗವಚಿಕೊಂಡು ಮೇಡಂ ಮೆಟ್ಟಿಲಿಳಿಯುವಾಗ ಹಿಂದಿನಿಂದ ಅವಳ ಮಾತು ಕೇಳಿಸುತ್ತಲೇ ಇತ್ತು.

“ಅಳಬಾರದು ಮಗಳೇ. ಮೊದಲು ಎದ್ದು ಊಟ ಮಾಡು. ಚಿಕ್ಕಮ್ಮ ಇನ್ನೂ ಇಲ್ಲೇ ಇದ್ದೀನಲ್ಲ.”